ಆನೆಬೇಲಿಯ ಕಿಡಿ

ರೇಡಿಯೊ ಹುಟ್ಟಿದ್ದು ಕಿಡಿಯಲ್ಲಿ. 1887ರಲ್ಲಿ ಹೈನ್ರಿಕ್ ಹರ್ಟ್ಸ್ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿದ. ಸ್ವಲ್ಪ ದೂರದಲ್ಲಿಟ್ಟ ತಂತಿಯ ಬಳೆಯಲ್ಲೂ ಪುಟ್ಟದೊಂದು ಕಿಡಿ ಮೂಡಿತು. ಮಾರ್ಕೋನಿಯ ಕಾಲದ ಹಡಗುಗಳೆಲ್ಲ ಮಾತಾಡಿದ್ದು ಇಂಥ ಕಿಡಿಯಿಂದಲೇ. ಆದರೆ ಕಿಡಿಗೆ ಶಿಸ್ತಿಲ್ಲ. ಒಂದು ಫ್ರೀಕ್ವೆನ್ಸಿಯಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತದೆ. ಆಗ ಗದ್ದಲವೆಬ್ಬಿಸುತ್ತಾರೆಂದು ಬೈಸಿಕೊಂಡವರು ಹವ್ಯಾಸಿಗಳು, ಅಂದರೆ ಇಂದಿನ ಹ್ಯಾಮ್‌ಗಳ ಪೂರ್ವಿಕರು. ಟೈಟಾನಿಕ್ ಮುಳುಗಿದ 1912ರಲ್ಲೇ ಅಮೆರಿಕದ ಕಾನೂನು ಅವರನ್ನು 200 ಮೀಟರಿಗಿಂತ ಕಿರಿದಾದ, ಕೆಲಸಕ್ಕೆ ಬಾರದವೆಂದು ಎಲ್ಲರೂ ನಂಬಿದ್ದ ಅಲೆಗಳಿಗೆ ಅಟ್ಟಿತು. 1927ರ ವಾಷಿಂಗ್ಟನ್ ಸಮ್ಮೇಳನದಿಂದ ಕಿಡಿ ಯಂತ್ರಗಳೇ ಹಂತಹಂತವಾಗಿ ಮೂಲೆಗೆ ಸರಿದವು.

ಸಂಪರ್ಕ ಸಾಧನಗಳ ಇತಿಹಾಸ ಓದುವ ನನಗೆ ಈ ಕಥೆ ಅಲ್ಲಿಗೆ ಮುಗಿಯಿತೆಂದು ಅನಿಸುವುದಿಲ್ಲ. ಅದೇ ಕಿಡಿ ಆಲೂರು, ಸಕಲೇಶಪುರದ ಬೆಟ್ಟಗಳಲ್ಲಿ ಮತ್ತೆ ಕೇಳುತ್ತದೆ. ಈಗ ಅದರಿಂದ ತೊಂದರೆಪಡುವ ಸರದಿ ಹ್ಯಾಮ್‌ಗಳದು.

ಹ್ಯಾಮ್‌ಗಳಿಗೆ ಬೆಟ್ಟ ಯಾಕೆ ಬೇಕು? ಕೈಯಲ್ಲಿ ಹಿಡಿಯುವ ಸೆಟ್‌ನ ದನಿ ಮಲೆನಾಡಿನಲ್ಲಿ ಮುಂದಿನ ಗುಡ್ಡ ದಾಟುವುದಿಲ್ಲ. ಹಾಗಾಗಿ ಎತ್ತರದಲ್ಲೊಂದು ರಿಪೀಟರ್ ಇಟ್ಟರೆ, ಅದು ಕ್ಷೀಣ ದನಿಯನ್ನು ಹಿಡಿದು ಜೋರಾಗಿ ಮತ್ತೆ ಬಿತ್ತರಿಸುತ್ತದೆ. ಬರೀ ಲೆಕ್ಕಕ್ಕಾಗಿ ಮಂಜರಾಬಾದ್ ಕೋಟೆಯನ್ನೇ ತೆಗೆದುಕೊಳ್ಳಿ. 1792ರಲ್ಲಿ ಟಿಪ್ಪು ಮುಗಿಸಿದ ಈ ನಕ್ಷತ್ರಾಕಾರದ ಕೋಟೆಯ ಎತ್ತರ ಸುಮಾರು 988 ಮೀಟರ್. ಅಷ್ಟು ಎತ್ತರದಿಂದ ರೇಡಿಯೊ ಅಲೆಯ ದಿಗಂತ ಸುಮಾರು 130 ಕಿ.ಮೀ. ಮಂಗಳೂರಿನ ಕಡಲತೀರ ನೇರ ದೂರದಲ್ಲಿ 100 ಕಿ.ಮೀ. ಆಸುಪಾಸು. ಎತ್ತರದಲ್ಲಿ ಕೂತವನಿಗೆ ಅಷ್ಟು ದೂರದ ಮಾತೂ ಕೇಳುತ್ತದೆ, ಅಷ್ಟು ದೂರದ ಗದ್ದಲವೂ ಕೇಳುತ್ತದೆ.

ಅದಕ್ಕಿಂತ ದೊಡ್ಡ ಗದ್ದಲ ರಿಪೀಟರ್‌ನದೇ. 144–146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಕೇಳುವ ಮತ್ತು ಮಾತಾಡುವ ಫ್ರೀಕ್ವೆನ್ಸಿಗಳ ನಡುವೆ ಇರುವ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಮಾತ್ರ. ಒಂದೇ ಆಂಟೆನಾದಲ್ಲಿ ಹತ್ತಾರು ವ್ಯಾಟ್ ಅರಚುತ್ತಲೇ ಮೈಕ್ರೋವೋಲ್ಟಿನ ಒಂದು ಪಾಲಿನಷ್ಟು ಸಣ್ಣ ಪಿಸುಮಾತನ್ನೂ ಕೇಳಿಸಿಕೊಳ್ಳಬೇಕು. ಡುಪ್ಲೆಕ್ಸರ್ ಎಂಬ ಲೋಹದ ಡಬ್ಬಿಗಳ ಸಾಲು ಇದನ್ನು ಸಾಧ್ಯವಾಗಿಸುತ್ತದೆ. ಮಲೆನಾಡಿನ ಮಳೆ ಇದಕ್ಕೊಂದು ಸಮಸ್ಯೆ ಸೇರಿಸುತ್ತದೆ: ತುಕ್ಕು. ತುಕ್ಕು ಹಿಡಿದ ಬೋಲ್ಟು ಡಯೋಡಿನಂತೆ ವರ್ತಿಸಿ, ಅಕ್ಕಪಕ್ಕದ ಟವರುಗಳ ಎರಡು ಪ್ರಬಲ ಅಲೆಗಳನ್ನು ಬೆರೆಸಿ ಯಾರೂ ಕಳಿಸದ ಮೂರನೆಯದನ್ನು ಹುಟ್ಟಿಸುತ್ತದೆ. ಇದಕ್ಕೆ ಮದ್ದು ಉಪ್ಪುಕಾಗದ, ಗ್ರೀಸು, ಸ್ಪ್ಯಾನರು.

ಹೊರಗಿನ ಗದ್ದಲಕ್ಕೆ ಇಷ್ಟು ಸುಲಭದ ಮದ್ದಿಲ್ಲ. 2012ರ ಕರ್ನಾಟಕ ಆನೆ ಕಾರ್ಯಪಡೆಯ ವರದಿ ಆಲೂರು ಭಾಗವನ್ನು ಆನೆಗಳನ್ನು ಹಿಡಿದು ಸಾಗಿಸಬೇಕಾದ ವಲಯವೆಂದು ಗುರುತಿಸಿತ್ತು. ಆನೆಗಳು ಇನ್ನೂ ಇವೆ. ಅವುಗಳ ಜೊತೆಗೆ ಸೋಲಾರ್ ಬೇಲಿಗಳೂ ಬಂದಿವೆ. ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟುಗಳ ಅತಿ ಸಣ್ಣ ಮಿಡಿತ ಕಳಿಸುತ್ತದೆ. ತಂತಿ ಸರಿಯಿದ್ದರೆ ತಕರಾರು ಕಡಿಮೆ. ಕಾಫಿತೋಟದ ನೆರಳಮರದ ಕೊಂಬೆಯೋ ಲಂಟಾನವೋ ತಾಗಿದರೆ, ಗಂಟು ಸಡಿಲವಾಗಿದ್ದರೆ, ಅಲ್ಲಿ ಕಿಡಿ ಹಾರುತ್ತದೆ. ಹರ್ಟ್ಸ್‌ನ ಪ್ರಯೋಗವೇ ಅದು. ಮೈಲುಗಟ್ಟಲೆ ಉದ್ದದ ತಂತಿಯೇ ಆಂಟೆನಾ.

ಈ ಟಕ್ ಟಕ್ ಹೆಚ್ಚು ಜೋರಾಗಿರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್‌ನಲ್ಲಿ. ರಿಪೀಟರ್ ಕೆಲಸ ಮಾಡುವ ಎತ್ತರದ ಫ್ರೀಕ್ವೆನ್ಸಿಯಲ್ಲಿ ಅದು ಸೊರಗುತ್ತದೆ, ಎಫ್‌ಎಂ ಕೂಡ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಆದರೆ ಬೇಲಿ ಟವರಿನ ಬುಡದಲ್ಲೇ ಹಾದು, ದನಿ ಕ್ಷೀಣವಾಗಿದ್ದರೆ ಮಾತು ತುಂಡಾಗುತ್ತದೆ. ನಿಗದಿತ ಸಬ್‌ಟೋನ್ ಬಂದರೆ ಮಾತ್ರ ರಿಪೀಟರ್ ತೆರೆದುಕೊಳ್ಳುವಂತೆ ಮಾಡುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಕಿವಿಗೆ ಹತ್ತಿ ಇಟ್ಟಂತೆ: ಗದ್ದಲ ಕೇಳದು, ಆದರೆ ಹೋಗಿರುವುದೂ ಇಲ್ಲ.

ಆಲೂರು ಕಡೆ ಓಡಾಡುವಾಗ ನನ್ನ ಚೀಲದಲ್ಲೊಂದು ಪುಟ್ಟ ಟ್ರಾನ್ಸಿಸ್ಟರ್ ಇರುತ್ತದೆ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ಬೇಲಿಯುದ್ದಕ್ಕೂ ನಡೆದರೆ ಕಿಡಿಯ ಹತ್ತಿರ ಸದ್ದು ಏರುತ್ತದೆ. ಸೆಕೆಂಡಿಗೊಂದು ಟಕ್ ಎಂದರೆ ಬೇಲಿ. ಬಿಡದೆ ಝೇಂಕರಿಸಿದರೆ ವಿದ್ಯುತ್ ಕಂಬ: 50 ಹರ್ಟ್ಸ್‌ನ ಎರಡೂ ಬದಿಗೆ ಕಿಡಿ ಹಾರಿ ಸೆಕೆಂಡಿಗೆ ನೂರು ಸಲ. ಮಳೆಯೂ ಗುರುತು ಹೇಳುತ್ತದೆ. ಕಂಬದ ಸಡಿಲ ಕೀಲಿನ ಝೇಂಕಾರ ಒಣಹವೆಯಲ್ಲಿ ಹೆಚ್ಚು, ಮಳೆ ಬಿದ್ದರೆ ಹಲವು ಸಲ ನಿಂತೇಹೋಗುತ್ತದೆ. ಬಳ್ಳಿ ತಾಗಿದ ಬೇಲಿಯದು ಒದ್ದೆಯಾದಷ್ಟೂ ಕೆಡುತ್ತದೆ.

ಅಂದರೆ ರಿಪೀಟರ್ ಅತಿ ಅಗತ್ಯವಾಗುವ ಕಾಲದಲ್ಲೇ ಬೇಲಿ ಹಾಳು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಿತ್ತು. ಅಂಥ ವಾರಗಳಲ್ಲಿ ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿ ಮುಗಿದರೆ ಉಳಿಯುವುದು ಬ್ಯಾಟರಿಯಲ್ಲಿ ನಡೆಯುವ ಇಂಥ ಸೆಟ್‌ಗಳು.

ಹಾಗೆಂದು ಬೇಲಿ ಆರಿಸಿ ಎಂದು ಯಾರಿಗೆ ಹೇಳುವುದು? ರಾತ್ರಿ ಗದ್ದೆಗೆ ಆನೆ ಇಳಿಯುವ ಊರಿನಲ್ಲಿ ಆ ಮಾತೆತ್ತಲು ನನಗೆ ಬಾಯಿ ಬರುವುದಿಲ್ಲ. ಅದೃಷ್ಟವಶಾತ್ ಎತ್ತಬೇಕಾಗಿಯೂ ಇಲ್ಲ. ಕಿಡಿ ಹಾರುವ ಕಡೆ ವೋಲ್ಟೇಜು ಸೋರುತ್ತಿರುತ್ತದೆ. ಸೋರುವ ಬೇಲಿಗೆ ಆನೆ ಹೆದರುವುದಿಲ್ಲ. ಹ್ಯಾಮ್‌ಗೆ ತೊಂದರೆ ಕೊಡುವ ಜಾಗವೂ ಬೇಲಿ ಸೋಲುವ ಜಾಗವೂ ಒಂದೇ. ತೋಟದ ರೈಟರಿಗೆ ರೇಡಿಯೊ ಕಿರಿಕಿರಿಯ ದೂರು ಹೇಳುವ ಬದಲು, ಇಂಥ ಕಂಬದ ಹತ್ತಿರ ನಿಮ್ಮ ಬೇಲಿಯ ಶಕ್ತಿ ಸೋರುತ್ತಿದೆ ಎಂದರೆ ಸಾಕು, ಕತ್ತಿ ಹಿಡಿದ ಆಳು ಮರುದಿನವೇ ಹೋಗುತ್ತಾನೆ. ಮಳೆ ಹಿಡಿಯುವ ಮುಂಚೆ ಮರಗಸಿ ಮಾಡುವಾಗ ಬೇಲಿಗೆ ತಾಗುವ ಕೊಂಬೆಗಳನ್ನೂ ಸವರಿಸುವುದು ಇನ್ನೂ ಒಳ್ಳೆಯದು. ಜೂನ್ ಬಂದಮೇಲೆ ಆ ಜಾರುವ ಇಳಿಜಾರಿನಲ್ಲಿ ಮರ ಹತ್ತುವವರು ಸಿಗುವುದಿಲ್ಲ.