ಉಪ್ಪುನೀರಿನ ಕಗ್ಗ



ಕಗ್ಗ ಎಂದರೆ ನಿಮಗೆ ತಟ್ಟನೆ ಡಿ.ವಿ.ಜಿ.ಯವರ ಮಂಕುತಿಮ್ಮ ನೆನಪಾಗುತ್ತಾನೆ, ಅಲ್ಲವೇ? ಕುಮಟಾ ಕಡೆಯವರನ್ನು ಕೇಳಿ ನೋಡಿ. ಅವರಿಗೆ ಕಗ್ಗ ಎಂದರೆ ಭತ್ತ. ಅದೂ ಅಂತಿಂಥ ಭತ್ತವಲ್ಲ, ಉಪ್ಪುನೀರು ಹಾಯುವ ಗದ್ದೆಯ ಭತ್ತ.

ಅಘನಾಶಿನಿ ನದಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಉಬ್ಬರ ಬಂದಾಗ ಕಡಲ ನೀರು ಒಳಗೆ ನುಗ್ಗುತ್ತದೆ. ಅಂಚಿನ ಈ ತಗ್ಗು ಗದ್ದೆಗಳಿಗೆ ಅಲ್ಲಿನವರು ಇಟ್ಟ ಹೆಸರು ಗಜನಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ನಿಮಗೆ ಗೊತ್ತು. ಉಪ್ಪುಮಣ್ಣಿನ ಗಿಡದ ಪಾಡು ಅದಕ್ಕಿಂತ ಕಷ್ಟ. ಬುಡದಲ್ಲೇ ನೀರಿದ್ದರೂ ಬೇರಿಗೆ ಹೀರಲಾಗದು. ಹೀರಿದರೆ ಸೋಡಿಯಂ ಒಳಹೊಕ್ಕು ಎಲೆ ಸುಡುತ್ತದೆ. ಉಪ್ಪು ತಾಳುವ ಭತ್ತದ ತಳಿಗಳು ಆದಷ್ಟು ಉಪ್ಪನ್ನು ಬೇರಿನಲ್ಲೇ ತಡೆಯುತ್ತವೆ. ನುಸುಳಿದ್ದನ್ನು ಹಳೆಯ ಎಲೆಗಳಿಗೆ ತಳ್ಳಿ ಎಳೆಯ ಎಲೆಗಳನ್ನು ಉಳಿಸಿಕೊಳ್ಳುತ್ತವೆ. ಆದರೂ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಭತ್ತ ತೀರಾ ಸೂಕ್ಷ್ಮ.

ಇಲ್ಲೇ ರೈತರ ಜಾಣ್ಮೆ ಇರುವುದು. ಮುಂಗಾರಿನ ಮಳೆ ಗಜನಿಯ ಉಪ್ಪನ್ನು ತೊಳೆಯುವ ಹೊತ್ತಿಗೆ ಅವರು ಮೊಳಕೆ ಬಂದ ಬೀಜ ಚೆಲ್ಲುತ್ತಿದ್ದರು. ನೆರೆ ಬಂದರೂ ಎತ್ತರಕ್ಕೆ ಬೆಳೆಯುವ ಕಗ್ಗ ತಲೆ ಎತ್ತಿ ನಿಲ್ಲುತ್ತಿತ್ತು. ಮಳೆಗಾಲ ಮುಗಿಯುತ್ತಿದ್ದಂತೆ ತೆನೆ ಕೊಯ್ದು, ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಿದ್ದರು. ಆಮೇಲೆ ಉಪ್ಪುನೀರು ಒಳಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಮಣ್ಣಿನ ಕಟ್ಟೆ ಒಡೆದರೆ ಊರವರೇ ಕೂಡಿ ಕಟ್ಟಬೇಕು, ಏಕೆಂದರೆ ಒಬ್ಬನ ಗದ್ದೆಗೆ ಉಪ್ಪು ನುಗ್ಗಿದರೆ ಎಲ್ಲರ ಬೆಳೆಯೂ ಹೋದಂತೆ.

ಮುಂಬೈಯಲ್ಲಿರುವ ನಮಗೂ ಈ ಕಥೆಯ ನಂಟಿದೆ. 1862ರಿಂದ 1956ರವರೆಗೆ ಉತ್ತರ ಕನ್ನಡ ಜಿಲ್ಲೆಯ ಆಡಳಿತ ನಡೆದದ್ದು ಮುಂಬೈಯಿಂದ. ಉಪ್ಪುನೀರು ನುಗ್ಗುವ ನೆಲಗಳಿಗೆ ಕಟ್ಟೆ ಕಟ್ಟಿ ಕಾಪಾಡಲೆಂದು ಮುಂಬೈ ಸರ್ಕಾರ 1948ರಲ್ಲಿ ಖಾರ್‌ಲ್ಯಾಂಡ್ ಕಾಯ್ದೆ ತಂದಿತು. 1970ರ ದಶಕದಲ್ಲಿ ಅಘನಾಶಿನಿಯ ಗಜನಿಗಳಿಗೆ ಕಲ್ಲಿನ ಕಾಯಂ ಕಟ್ಟೆಗಳು ಬಂದವು.

ಭತ್ತ ಉಳಿಸಲೆಂದು ಬಂದ ಕಟ್ಟೆ ಭತ್ತಕ್ಕೇ ಮುಳುವಾಯಿತು. ಬೇಕಾದಾಗ ಉಪ್ಪುನೀರು ನಿಲ್ಲಿಸಿಕೊಳ್ಳುವುದು ಸುಲಭವಾಯಿತು. ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಗಜನಿಗಳು ಗುತ್ತಿಗೆಗೆ ಹೋದವು. ನೀರು ಹೊರಬಿಡದೆ ಬಿತ್ತನೆಯಿಲ್ಲ, ಬಿತ್ತನೆಯಿಲ್ಲದೆ ಬೀಜವಿಲ್ಲ. ವರ್ಷ ವರ್ಷ ಬಿತ್ತದಿದ್ದರೆ ನಾಟಿ ತಳಿ ಕೈಬಿಟ್ಟು ಹೋಗುತ್ತದೆ. ಕೂಡಿ ಕಟ್ಟೆ ಕಟ್ಟುವ ಊರವರ ರೂಢಿಯೂ ಅದರ ಜೊತೆಗೇ ಸವೆಯಿತು.

ಇಂದು ಕಡಲ ಮಟ್ಟ ಏರುತ್ತಿದೆ. ವಿಜ್ಞಾನಿಗಳು ಕೇರಳದ ಪೊಕ್ಕಾಳಿ ಭತ್ತದ ಉಪ್ಪು ತಾಳುವ ಗುಣವನ್ನು ಬೇರೆ ತಳಿಗಳಿಗೆ ತರುತ್ತಿದ್ದಾರೆ. ಅದು ಒಳ್ಳೆಯದೇ. ಆದರೆ ಕಗ್ಗ ಬದುಕಿದ್ದು ಬೀಜದ ಗುಣವೊಂದರಿಂದಲೇ ಅಲ್ಲ. ಸರಿಯಾದ ಹೊತ್ತಿಗೆ ಮಳೆ, ಊರವರು ಕಟ್ಟಿದ ಕಟ್ಟೆ, ನೀರನ್ನು ಯಾವಾಗ ಬಿಡಬೇಕೆಂಬ ಒಪ್ಪಂದ, ಇವೆಲ್ಲ ಸೇರಿದಾಗಲೇ ಅದು ತೆನೆ ಕಟ್ಟುತ್ತಿತ್ತು.

ನಿಮ್ಮ ಮನೆಯಲ್ಲಿ ಅಘನಾಶಿನಿ ತೀರದ ಹಿರಿಯರಿದ್ದರೆ, ಕಗ್ಗದ ಅನ್ನದ ರುಚಿ ಹೇಗಿತ್ತೆಂದು ಇವತ್ತೇ ಕೇಳಿ. ಅವರು ಹೇಳಿದ್ದನ್ನು ನಮಗೂ ಬರೆದು ಕಳಿಸಿ.