ಮುಂದೇನೆಂದು ತಿಳಿಯದೆ ದೇವರ ಮಾತಿಗೆ ನಡೆಯುವುದು: ಕೂಡಲಸಂಗಮದ ಒಂದು ಕಥೆ

ಫಲ ಏನಾಗುವುದೋ ತಿಳಿಯದಿದ್ದರೂ ದೇವರ ಮಾತಿಗೆ ಮನಃಪೂರ್ವಕವಾಗಿ ಒಪ್ಪಿ ನಡೆಯುವುದನ್ನು ಧರ್ಮಸಭೆ 'ವಿಶ್ವಾಸದ ವಿಧೇಯತೆ' ಎಂದು ಕರೆಯುತ್ತದೆ. ಕಥೋಲಿಕ ಧರ್ಮೋಪದೇಶ ಗ್ರಂಥವು 144ರಿಂದ 149ರವರೆಗಿನ ಪರಿಚ್ಛೇದಗಳಲ್ಲಿ ಇದನ್ನು ವಿವರಿಸಿ, ಅಬ್ರಹಾಮನನ್ನೂ ಮಾತೆ ಮರಿಯಳನ್ನೂ ಮಾದರಿಯಾಗಿ ನಮ್ಮ ಮುಂದಿಡುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರದೇಶ ಇಂದು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾಗುವವರೆಗೆ ಉತ್ತರ ಕನ್ನಡದ ಕರಾವಳಿಯೂ ಅದರಲ್ಲೇ ಇತ್ತು. ಕರಾವಳಿಯಿಂದ ಆ ಕಡೆಗೆ ಸೇವೆಗೆ ಹೋಗುವ ಗುರುಗಳು, ಧರ್ಮಭಗಿನಿಯರು, ಉಪದೇಶಿಗಳು ಅಲ್ಲಿನ ಜನರ ಮನದಲ್ಲಿರುವ ಒಂದು ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಸಂಗಮದ ಕಥೆ

ಬಾದಾಮಿ ಕಡೆಯಿಂದ ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಬರುವ ಮಲಪ್ರಭಾ ನದಿ ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರು ಜನಿವಾರವನ್ನು ತೊರೆದು ಇಲ್ಲಿಗೆ ಬಂದರು. ಮುಂದಿನ ಸಂಗತಿಯನ್ನು ಹಂಪೆಯ ಹರಿಹರ ಕವಿ 'ಬಸವರಾಜದೇವರ ರಗಳೆ'ಯಲ್ಲಿ ಹೇಳಿದ್ದಾನೆ. ಸಂಗಮನಾಥನು ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಕೊಡುತ್ತಾನೆ. ಬಸವಣ್ಣನವರಿಗೆ ಸಂಗಮವನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಅವರು ಅಳುತ್ತಾರೆ, ನನ್ನನ್ನು ದೂರ ಮಾಡುತ್ತೀಯಾ ಎಂದು ದೇವರಲ್ಲೇ ಮೊರೆಯಿಡುತ್ತಾರೆ. ಆಗ ಸಿಕ್ಕ ಉತ್ತರದಲ್ಲಿ ಮುಂದಿನ ಘಟನೆಗಳ ವಿವರವಿಲ್ಲ. ನಾನೂ ನಿನ್ನ ಜೊತೆ ಬರುತ್ತೇನೆ ಎಂಬ ಭರವಸೆ ಇದೆ. ನಂದಿಯ ಮುಖದಿಂದ ಬಂದ ಲಿಂಗವನ್ನು ಹಿಡಿದು ಅವರು ಹೊರಟರು.

ಹೋದ ಮೇಲೆ ಎಲ್ಲವೂ ಸುಖವಾಗಲಿಲ್ಲ. ಭಂಡಾರದ ಅಧಿಕಾರ, ಶರಣರ ಸಮೂಹ, ಕೀರ್ತಿ ಬಂದವು ನಿಜ. ಆದರೆ 1167ರ ಸುಮಾರಿಗೆ ಕಲ್ಯಾಣದಲ್ಲಿ ರಕ್ತಪಾತವಾಗಿ ಶರಣರು ಚದುರಿಹೋದರು. ಬಸವಣ್ಣನವರು ಸಂಗಮಕ್ಕೇ ಮರಳಿ ಐಕ್ಯರಾದರೆಂದು ಸಂಪ್ರದಾಯ ಹೇಳುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗಲೂ ಮುಳುಗದಂತೆ ಅಲ್ಲಿನ ಐಕ್ಯಸ್ಥಳವನ್ನು ಬಾವಿಯಂಥ ಎತ್ತರದ ಗೋಡೆ ಕಟ್ಟಿ ಉಳಿಸಲಾಗಿದೆ.

ಇದು ಬೇರೊಂದು ಧರ್ಮದ ಕಥೆ. ಅವರ ವಿಶ್ವಾಸವೂ ನಮ್ಮ ವಿಶ್ವಾಸವೂ ಒಂದೇ ಎಂದು ಹೇಳಬೇಕಾಗಿಲ್ಲ. ಆದರೆ ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ತಿಳಿಸಿದೆ.

ಬೈಬಲಿನ ಸಾಕ್ಷಿ

ಅಬ್ರಹಾಮನು ಹಾರಾನ್ ಬಿಟ್ಟು ಹೊರಟಾಗ ಅವನಿಗೆ 75 ವರ್ಷ (ಆದಿಕಾಂಡ 12). ಎಲ್ಲಿಗೆ ಹೋಗುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲವೆಂದು ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಅವನು ಪ್ರಶ್ನೆ ಕೇಳದೆ ಇರಲಿಲ್ಲ. ಮಕ್ಕಳಿಲ್ಲದ ನನಗೆ ಏನು ಕೊಟ್ಟರೇನು ಎಂದು ದೇವರನ್ನೇ ಕೇಳಿದ. ಮಾತೆ ಮರಿಯಳೂ ದೇವದೂತನಲ್ಲಿ, ಇದು ಹೇಗಾದೀತು ಎಂದು ವಿಚಾರಿಸಿದ ನಂತರವೇ ಒಪ್ಪಿಕೊಂಡಳು. ಶಿಲುಬೆಯ ಬಳಿ ನಿಲ್ಲುವ ದಿನವನ್ನು ದೇವದೂತನು ಅವಳಿಗೆ ಮೊದಲೇ ತಿಳಿಸಿರಲಿಲ್ಲ. ಕೇಳುವುದು, ಅಳುವುದು ಅವಿಶ್ವಾಸವಲ್ಲ ಎಂಬುದು ಇದರಿಂದ ಸ್ಪಷ್ಟ.

ನಮ್ಮ ಕರಾವಳಿಯ ಸಂತ

ಕರಾವಳಿಯವರಾದ ನಮಗೆ ಸಂತ ಜೋಸೆಫ್ ವಾಜ್ ಅವರ ಉದಾಹರಣೆ ಇನ್ನೂ ಹತ್ತಿರದ್ದು. ಅವರು ಬಯಸಿದ್ದು ಸಿಲೋನಿಗೆ ಹೋಗಲು. 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ. ಅವರು ವಿಧೇಯರಾಗಿ ಬಂದು 1684ರವರೆಗೆ ನಮ್ಮ ಪೂರ್ವಜರ ನಡುವೆ ದುಡಿದರು. ಕೊನೆಗೆ 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಸಿಲೋನ್ ತಲುಪಿ, ಕಾಯಿಲೆಯನ್ನೂ ಸೆರೆವಾಸವನ್ನೂ ಅನುಭವಿಸಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ಪೋಪ್ ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಯಾವುದು ವಿಧೇಯತೆ ಅಲ್ಲ?

ಧರ್ಮಸೇವೆಯಲ್ಲಿರುವವರು ಇಲ್ಲಿ ಎಚ್ಚರದಿಂದಿರಬೇಕು. ಬಂದದ್ದೆಲ್ಲ ಹಣೆಬರಹ ಎಂದು ಕೈಕಟ್ಟಿ ಕೂರುವುದು ವಿಧೇಯತೆಯಲ್ಲ. ಹುನಗುಂದದ ಎರೆಹೊಲದ ರೈತನಿಗೆ ಹಿಂಗಾರು ಮಳೆಯ ಭರವಸೆ ಇರುವುದಿಲ್ಲ. ಆದರೂ ಹೊಲ ಹದಮಾಡಿ ಬಿಳಿಜೋಳ ಬಿತ್ತುತ್ತಾನೆ. ಅವನ ನಂಬಿಕೆ ದುಡಿಮೆಯೊಂದಿಗೇ ಇರುತ್ತದೆ.

ಹಾಗೆಯೇ ಮನುಷ್ಯರ ತೀರ್ಮಾನವನ್ನೆಲ್ಲ ದೇವರ ಚಿತ್ತವೆಂದು ಹೇಳಬಾರದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಎಷ್ಟೋ ಕುಟುಂಬಗಳು ಮನೆ ಕಳೆದುಕೊಂಡು ನವನಗರಕ್ಕೆ ಬರಬೇಕಾಯಿತು. ಅದು ಸರಕಾರದ ಯೋಜನೆಯ ಪರಿಣಾಮ. ಅಂಥವರಿಗೆ ದೇವರ ಇಚ್ಛೆ ಎಂದು ಉಪದೇಶ ಮಾಡಿ ಸುಮ್ಮನಾಗಿಸುವುದು ತಪ್ಪು. ಅವರಿಗೆ ಸಿಗಬೇಕಾದ ಪರಿಹಾರಕ್ಕಾಗಿ ಜೊತೆಯಲ್ಲಿ ನಿಲ್ಲುವುದೇ ಆಗ ನಮ್ಮಿಂದ ದೇವರು ಬಯಸುವ ವಿಧೇಯತೆ.

ದೇವರ ಕರೆಯೋ ಅಲ್ಲವೋ ಎಂಬ ಸಂಶಯ ಬಂದಾಗ ಪ್ರಾರ್ಥನೆ, ಪವಿತ್ರ ಗ್ರಂಥದ ಓದು, ಅನುಭವಿ ಗುರುಗಳ ಸಲಹೆ, ಈ ಮೂರನ್ನೂ ಬಿಡಬಾರದು. ಪ್ರೀತಿಗೂ ನ್ಯಾಯಕ್ಕೂ ವಿರುದ್ಧವಾದ ಅಪ್ಪಣೆ ದೇವರದ್ದಾಗಲಾರದು. ಕರೆ ನಿಜವೆಂದು ಮನವರಿಕೆಯಾದಾಗ ಮುಂದಿನ ದಾರಿಯೆಲ್ಲ ಕಾಣಲಿ ಎಂದು ಕಾಯುವುದು ಬೇಡ. ಜೊತೆಗೆ ಬರುವವನು ಯಾರೆಂದು ತಿಳಿದಿದ್ದರೆ ಇಂದಿನ ಹೆಜ್ಜೆಗೆ ಅಷ್ಟು ಸಾಕು.