ಕಲ್ಲುಹಾಸಿನ ಕೆಳಗೆ ಏನಿರಬೇಕು?

ಹೂತೋಟದಲ್ಲಿ ಹೊಸದಾಗಿ ಕಲ್ಲು ಹಾಸಿದ ಅಂಗಳ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಏರುಪೇರಾಗುವುದನ್ನು ನೀವು ನೋಡಿರಬಹುದು. ಭಾರ ತಾಳದೆ ನೆಲ ಕುಸಿಯಿತು ಎನ್ನುವುದು ವಾಡಿಕೆ. ಲೆಕ್ಕ ಹಾಕೋಣ. 5 ಸೆಂ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ ಚದರ ಮೀಟರಿಗೆ ಸುಮಾರು 135 ಕಿ.ಗ್ರಾಂ. ತೂಗುತ್ತದೆ. ಅಂದರೆ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ ಕೇವಲ 13.5 ಗ್ರಾಂ ತೂಕ. ಬರಿಗಾಲಿನಲ್ಲಿ ನಿಂತ ಮನುಷ್ಯನ ಪಾದದ ಒತ್ತಡ ಇದರ ಹತ್ತು ಪಟ್ಟಿಗಿಂತಲೂ ಹೆಚ್ಚು! ಹಾಗಾದರೆ ಕಲ್ಲನ್ನು ಅಲುಗಿಸುವುದು ಯಾವುದು? ಬಹುಪಾಲು ನೀರು. ಇದನ್ನು ಮನುಷ್ಯ ಅರಿತ ಕಥೆ ದೀರ್ಘವಾದದ್ದು.

ಕ್ರಿ.ಪೂ. ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಸಂಪುಟದಲ್ಲಿ ನೆಲಗಟ್ಟಿನ ವಿಧಾನ ವಿವರಿಸಿದ್ದಾನೆ. ಮೊದಲು ಮಣ್ಣು ಗಟ್ಟಿಯೇ ಎಂದು ಪರೀಕ್ಷಿಸಬೇಕು. ತುಂಬಿದ ಮಣ್ಣಾದರೆ ಚೆನ್ನಾಗಿ ದಮ್ಮಸು ಮಾಡಬೇಕು. ಅದರ ಮೇಲೆ ಮುಷ್ಟಿಗಿಂತ ಚಿಕ್ಕದಲ್ಲದ ಕಲ್ಲುಗಳು, ಬಳಿಕ ಮೂರು ಪಾಲು ಜಲ್ಲಿಗೆ ಒಂದು ಪಾಲು ಸುಣ್ಣದ ಪದರ, ಅದರ ಮೇಲೆ ಹೆಂಚಿನ ಪುಡಿ ಬೆರೆಸಿದ ಗಾರೆ. ಬಯಲಿನ ನೆಲಕ್ಕೆ ಹತ್ತು ಅಡಿಗೆ ಎರಡು ಅಂಗುಲ ವಾಟ ಕೊಡಬೇಕೆಂಬುದೂ ಅವನ ನಿಯಮ. ನೀರು ನಿಲ್ಲಬಾರದೆಂಬ ಎಚ್ಚರ ಇಲ್ಲಿ ಸ್ಪಷ್ಟ.

ಈ ಎಚ್ಚರವನ್ನು ಸಿದ್ಧಾಂತವಾಗಿಸಿದವನು ಸ್ಕಾಟ್ಲೆಂಡಿನ ಜಾನ್ ಮೆಕ್ಆಡಮ್ (1756–1836). ಅವನ ಸಮಕಾಲೀನ ಥಾಮಸ್ ಟೆಲ್ಫರ್ಡ್ ರಸ್ತೆಯಡಿ ದೊಡ್ಡ ಕಲ್ಲುಗಳನ್ನು ಕೈಯಿಂದ ಜೋಡಿಸಿ ತಳಪಾಯ ಹಾಕುತ್ತಿದ್ದ. ಅದು ಅನಗತ್ಯ ವೆಚ್ಚವೆಂದು ಮೆಕ್ಆಡಮ್ ವಾದಿಸಿದ. ಒಣಗಿದ್ದರೆ ಸಹಜ ನೆಲವೇ ಭಾರ ಹೊರುತ್ತದೆ. ಒಡೆದ ಸಣ್ಣ ಕಲ್ಲುಗಳ ಪದರ ಅದಕ್ಕೆ ಸೂರಿನಂತೆ ಇದ್ದರೆ ಸಾಕು. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಮೇಲ್ವಿಚಾರಕನಾದ ಮೇಲೆ ಅವನ ವಿಧಾನ ಬೇಗನೆ ಹರಡಿತು.

ಶೀತ ದೇಶಗಳಲ್ಲಿ ಇನ್ನೊಂದು ಒಗಟು ಉಳಿದಿತ್ತು. ಚಳಿಗಾಲದಲ್ಲಿ ಕಲ್ಲುಹಾಸು ಮೇಲೆದ್ದು ಬರುತ್ತಿತ್ತು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುವುದೇ ಕಾರಣವೆಂದು ನಂಬಲಾಗಿತ್ತು. ಅಮೆರಿಕದ ಸ್ಟೀಫನ್ ಟೇಬರ್ 1930ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೀರಿನ ಬದಲು ಬೆಂಜೀನ್ ಬಳಸಿದ. ಅದು ಘನವಾಗುವಾಗ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಹೆಪ್ಪುಗಟ್ಟುವ ಪದರ ಕೆಳಗಿನಿಂದ ದ್ರವವನ್ನು ಸೆಳೆದುಕೊಂಡು ಬೆಳೆಯುತ್ತದೆ ಎಂಬುದು ಹೀಗೆ ಸಿದ್ಧವಾಯಿತು. ದಪ್ಪ ಜಲ್ಲಿಯ ರಂಧ್ರಗಳು ದೊಡ್ಡವು. ಅಲ್ಲಿ ನೀರು ಹೆಚ್ಚು ಎತ್ತರಕ್ಕೆ ಏರದು. 1 ಮಿ.ಮೀ. ತ್ರಿಜ್ಯದ ಲೋಮನಾಳದಲ್ಲಿ ನೀರು ಏರುವುದು ಸುಮಾರು 15 ಮಿ.ಮೀ.; ತ್ರಿಜ್ಯ ನೂರನೆಯ ಒಂದು ಭಾಗವಾದರೆ ಒಂದೂವರೆ ಮೀಟರ್.

ಹಾಗೆಂದು ಜಲ್ಲಿಯೊಂದೇ ಎಲ್ಲ ಕಡೆಗೂ ಮದ್ದಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಬಿರಿಯುತ್ತದೆ. ಜಲ್ಲಿಯಲ್ಲಿ ನಿಂತ ನೀರು ಅದಕ್ಕೆ ಇನ್ನಷ್ಟು ಉಣಿಸುತ್ತದೆ. ಬಾಂಬೆ ಐಐಟಿಯ ಆರ್.ಕೆ. ಕಟ್ಟಿ ಅವರು ಇದಕ್ಕೆ ಬೇರೆ ದಾರಿ ತೋರಿದರು: ಹಿಗ್ಗದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಎರೆಮಣ್ಣಿನ ಮೇಲೆ ಗಟ್ಟಿಯಾಗಿ ಹಾಸುವುದು. ಮಲಪ್ರಭಾ ಕಾಲುವೆಯಲ್ಲಿ ಈ ವಿಧಾನ ಬಳಕೆಯಾಯಿತು.

ಆದ್ದರಿಂದ ಅಂಗಳಕ್ಕೆ ಕಲ್ಲು ಆರಿಸುವ ಮೊದಲು ಮಣ್ಣನ್ನು ಆರೈದು ನೋಡಬೇಕು. ಶಾಲೆಯಲ್ಲಿ ಹೀಗೆ ಮಾಡಿ: ಎರಡು ಗಾಜಿನ ಕೊಳವೆಗಳ ಬಾಯಿಗೆ ತೆಳುಬಟ್ಟೆ ಕಟ್ಟಿ, ಒಂದರಲ್ಲಿ ಸಣ್ಣ ಜಲ್ಲಿ, ಇನ್ನೊಂದರಲ್ಲಿ ಒಣಗಿದ ನುಣುಪು ಮಣ್ಣು ತುಂಬಿ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಮರುದಿನ ತೇವ ಏರಿದ ಎತ್ತರ ಅಳೆಯಿರಿ. ತಳಪಾಯದ ಮೊದಲ ಪಾಠ ಅಲ್ಲೇ ಸಿಗುತ್ತದೆ.